ಚೆಕ್ ಬಾಕ್ಸ್‌ಗೆ ಟಿಕ್ ಬಿದ್ದಿದೆಯಾ? ಬ್ರೈಲ್ ಡಿಸ್‌ಪ್ಲೇಯಲ್ಲಿ ಮೂರು ಬಗೆ, ನನ್ನ ಬೆರಳಿನ ತೀರ್ಪು

ನನ್ನದು 20 ಕೋಶದ ಬ್ರೈಲ್ ಡಿಸ್‌ಪ್ಲೇ, ಅಂದರೆ ಪರದೆಯಲ್ಲಿರುವುದನ್ನು ಎದ್ದ ಚುಕ್ಕಿಗಳಾಗಿ ಬೆರಳಿಗೆ ಕೊಡುವ ಸಾಧನ; ಚುಕ್ಕಿಗಳ ಒಂದೊಂದು ಗುಂಪೇ ಒಂದು ಕೋಶ. ಒಂದು ಸಲಕ್ಕೆ ಬೆರಳಿಗೆ ಸಿಗುವುದು 20 ಕೋಶ, ಅಷ್ಟೇ. ಕಳೆದ ತಿಂಗಳು ಲೈಬ್ರರಿಯಲ್ಲಿ ಕೂತು, ಪರದೆ ಓದುವ ತಂತ್ರಾಂಶದ ದನಿ ಆಫ್ ಮಾಡಿಕೊಂಡು ಒಂದು ಅರ್ಜಿ ತುಂಬುತ್ತಿದ್ದೆ. ಕೊನೆಯಲ್ಲಿ ‘ಷರತ್ತುಗಳನ್ನು ಒಪ್ಪುತ್ತೇನೆ’ ಅನ್ನುವ ಚೆಕ್ ಬಾಕ್ಸ್ ಇತ್ತು. ಟಿಕ್ ಬಿದ್ದಿದೆ ಅಂದುಕೊಂಡು ಮೂರು ಸಲ ಕಳುಹಿಸಿದೆ, ಮೂರು ಸಲವೂ ವಾಪಸ್ ಬಂತು. ಅರ್ಧ ಗಂಟೆ ಹೋಯಿತು. ಆಮೇಲೆ ಬೇರೆ ಬೇರೆ ಸೆಟ್ಟಿಂಗ್‌ನಲ್ಲಿ ಅದೇ ಬಾಕ್ಸನ್ನು ಮತ್ತೆ ಮತ್ತೆ ಮುಟ್ಟಿ ನೋಡಿದೆ.

ಮೊದಲನೆಯದು ಪೂರ್ತಿ ಮಾತು. ಪರದೆ ಓದುವ ತಂತ್ರಾಂಶ ಜಾಸ್‌ನ ಸ್ಪೀಚ್ ಔಟ್‌ಪುಟ್ ಮೋಡ್ ಹೀಗೆ: ದನಿ ಏನು ಹೇಳುತ್ತದೋ ಅದೇ ಬ್ರೈಲ್‌ನಲ್ಲಿ ಬರುತ್ತದೆ. ಹೊಸದಾಗಿ ಕಲಿಯುವವರಿಗೆ ಒಳ್ಳೆಯದು, ಯಾವ ಸಂಕೇತವನ್ನೂ ನೆನಪಿಡಬೇಕಿಲ್ಲ. ಆದರೆ ‘ನಾಟ್ ಚೆಕ್ಡ್’ ಅನ್ನುವುದಕ್ಕೇ ಸಂಕ್ಷೇಪವಿಲ್ಲದ ಇಂಗ್ಲಿಷ್ ಬ್ರೈಲ್‌ನಲ್ಲಿ 11 ಕೋಶ ಹೋಗುತ್ತದೆ. ಅರ್ಧಕ್ಕಿಂತ ಜಾಸ್ತಿ! 40 ಕೋಶ ಇದ್ದವರು ತಡೆದುಕೊಳ್ಳಬಹುದು, ನನಗೆ ಆಗಲಿಲ್ಲ.

ಎರಡನೆಯದು ಅಕ್ಷರ. ಜಾಸ್‌ನ ಸ್ಟ್ರಕ್ಚರ್ಡ್ ಮೋಡ್‌ನಲ್ಲಿ ಟಿಕ್ ಇದ್ದರೆ ಕೋನದ ಬ್ರಾಕೆಟ್ ನಡುವೆ ಎಕ್ಸ್ ಬರುತ್ತದೆ, ಇಲ್ಲದಿದ್ದರೆ ನಡುವೆ ಖಾಲಿ. ಅಂಥದೇ ಇನ್ನೊಂದು ತಂತ್ರಾಂಶ ಎನ್‌ವಿಡಿಎಯ ಹಳೆಯ ಆವೃತ್ತಿಗಳಲ್ಲಿ ದುಂಡು ಬ್ರಾಕೆಟ್ ಇತ್ತು. ಮೂರೇ ಕೋಶ. ಇಂಗ್ಲಿಷ್ ಓದುವಾಗ ನನಗೆ ಇದರಲ್ಲಿ ಯಾವ ತೊಂದರೆಯೂ ಇಲ್ಲ. ಕನ್ನಡಕ್ಕೆ ಬಂದಾಗ ಕಷ್ಟ ಶುರುವಾಗುತ್ತದೆ. ಭಾರತೀಯ ಭಾಷೆಗಳಿಗಿರುವ ಭಾರತಿ ಬ್ರೈಲ್‌ನಲ್ಲಿ ನಮ್ಮ ಬಹಳಷ್ಟು ಅಕ್ಷರಗಳು ಅದೇ ಉಚ್ಚಾರದ ಇಂಗ್ಲಿಷ್ ಅಕ್ಷರದ ಚುಕ್ಕಿಗಳನ್ನೇ ಬಳಸುತ್ತವೆ ಅಲ್ವಾ? ಹಾಗಾಗಿ ಬಟನ್‌ಗೆ ಹಾಕುವ ಬಿ-ಟಿ-ಎನ್ ನನ್ನ ಬೆರಳಿಗೆ ‘ಬತನ’. ಚೆಕ್ ಬಾಕ್ಸ್‌ನ ಸಿ-ಎಚ್-ಕೆ ‘ಚಹಕ’. ಇಷ್ಟಾದರೂ ರೂಢಿಯಾಗುತ್ತದೆ. ಎಕ್ಸ್ ಮಾತ್ರ ಬೇರೆ ಕಥೆ. ಅದು 1, 3, 4, 6ನೇ ಚುಕ್ಕಿ, ಕನ್ನಡದಲ್ಲಿ ಅದೇ ‘ಒ’. ನನ್ನ ಅರ್ಜಿ ವಾಪಸ್ ಬಂದದ್ದು ಇದರಿಂದಲೇ! ‘ಷರತ್ತುಗಳನ್ನು ಒಪ್ಪುತ್ತೇನೆ’ ಅನ್ನುವುದು ನನ್ನ ಲೆಕ್ಕದಲ್ಲಿ 24 ಕೋಶ, 14ನೆಯದು ‘ಒ’. ಅವಸರದಲ್ಲಿ ಅದು ಬೆರಳಿಗೆ ತಾಗಿತು, ಟಿಕ್ ಇದೆ ಅಂದುಕೊಂಡು ಕೈ ಎತ್ತಿಬಿಟ್ಟೆ. ನಿಜವಾದ ಖಾಲಿ ಬ್ರಾಕೆಟ್ ಹೆಸರು ಮುಗಿದ ಮೇಲೆ, ಮುಂದಕ್ಕೆ ಸರಿಸಿದರೆ ಸಿಗುವ ಸಾಲಿನಲ್ಲಿ ಕೂತಿತ್ತು.

ಮೂರನೆಯದು ಆಕಾರ. ಈಗಿನ ಎನ್‌ವಿಡಿಎಯಲ್ಲಿ ಇರುವುದು ಇದೇ. ಡಿಸ್‌ಪ್ಲೇಯ ಒಂದೊಂದು ಕೋಶದಲ್ಲಿರುವ ಎಂಟೂ ಚುಕ್ಕಿ ಬಳಸಿ ಮೂರು ಕೋಶದಲ್ಲಿ ಒಂದು ಪೆಟ್ಟಿಗೆ ಬರೆಯುತ್ತದೆ, ಎಡಕ್ಕೊಂದು ಗೋಡೆ, ಬಲಕ್ಕೊಂದು ಗೋಡೆ. ಟಿಕ್ ಇದ್ದರೆ ನಡುವಿನ ಕೋಶದಲ್ಲಿ ಎಂಟೂ ಚುಕ್ಕಿ ಎದ್ದಿರುತ್ತವೆ. ಇಲ್ಲದಿದ್ದರೆ ತಳದ 7 ಮತ್ತು 8 ಮಾತ್ರ. ಬೆರಳು ಹಾಗೇ ಜಾರಿದರೂ ಸಾಕು, ತುಂಬಿದ ಡಬ್ಬವೋ ಖಾಲಿ ಡಬ್ಬವೋ ಅಂತ ಗೊತ್ತಾಗುತ್ತದೆ. ಕನ್ನಡದ ಯಾವ ಅಕ್ಷರದಂತೆಯೂ ಇಲ್ಲ, ಯಾಕೆಂದರೆ ನಮ್ಮ ಅಕ್ಷರಗಳೆಲ್ಲ ಆರು ಚುಕ್ಕಿಯೊಳಗೇ ಮುಗಿಯುತ್ತವೆ. ಮೊದಲ ಸಲ ಮುಟ್ಟಿದಾಗ ನಿಜವಾಗಿಯೂ ಖುಷಿಯಾಯಿತು.

ಕೊರತೆ ಇಲ್ಲವೆಂದಲ್ಲ. ಹಲವು ಆಯ್ಕೆಗಳಲ್ಲಿ ಒಂದನ್ನೇ ಆರಿಸುವ ರೇಡಿಯೋ ಬಟನ್‌ಗೂ ಇದೇ ಪೆಟ್ಟಿಗೆ, ಪಕ್ಕದ ಅಕ್ಷರ ಓದದೆ ವ್ಯತ್ಯಾಸ ತಿಳಿಯುವುದಿಲ್ಲ. ದುಂಡಗಿನ ಆಕಾರವೊಂದಿದೆ, ಅದು ಒಮ್ಮೆ ಒತ್ತಿದರೆ ಆನ್, ಮತ್ತೆ ಒತ್ತಿದರೆ ಆಫ್ ಆಗುವ ಟಾಗಲ್ ಬಟನ್‌ಗೆ ಹೋಗಿದೆ. ತೆರೆದ ಪಟ್ಟಿಯಂಥದಕ್ಕೆ ಮೈನಸ್, ಮುಚ್ಚಿದ್ದಕ್ಕೆ ಪ್ಲಸ್ ಬರುತ್ತದೆ. ಆ ಮೈನಸ್ ಪಠ್ಯದ ನಡುವಿನ ಹೈಫನ್ ಥರವೇ ಬೆರಳಿಗೆ ತಾಗುತ್ತದೆ, ಎಷ್ಟೋ ಸಲ ದಾಟಿ ಹೋಗಿದ್ದೇನೆ. ಇವಕ್ಕೂ ಆಕಾರ ಕೊಟ್ಟರೆ ಎಷ್ಟು ಚೆನ್ನ.

ಹಾಗಾಗಿ ನನ್ನ ಆಯ್ಕೆ ಆಕಾರವೇ, ಅನುಮಾನವಿಲ್ಲ. ಸಣ್ಣ ಡಿಸ್‌ಪ್ಲೇ ಇರುವವರು ಎನ್‌ವಿಡಿಎ ಬ್ರೈಲ್ ಸೆಟ್ಟಿಂಗ್‌ನಲ್ಲಿ ಫೋಕಸ್‌ನ (ನಾವು ಈಗ ಇರುವ ಜಾಗದ) ಹಿನ್ನೆಲೆ ವಿವರವನ್ನು ಹಿಂದಕ್ಕೆ ಸರಿಸಿದಾಗ ಮಾತ್ರ ತೋರಿಸುವಂತೆ ಇಟ್ಟುಕೊಳ್ಳಿ, ಡೈಲಾಗ್‌ನ ಹೆಸರು ಸುಮ್ನೆ ಜಾಗ ತಿನ್ನುವುದಿಲ್ಲ. ಆದರೆ ಟಿಕ್ ಗುರುತು ಹೆಸರು ಮುಗಿದ ಮೇಲೆ ಬರುವುದು ಮಾತ್ರ ಇನ್ನೂ ಹಾಗೇ ಇದೆ. ಅದನ್ನು ಹೆಸರಿಗಿಂತ ಮೊದಲು ತಂದರೆ ಪೆಟ್ಟಿಗೆಗೆ ಮೂರು ಕೋಶ, ಒಂದು ಖಾಲಿ, ಹೆಸರಿಗೆ ಇನ್ನೂ 16 ಉಳಿಯುತ್ತದೆ. ಹೆಸರು ಎಷ್ಟೇ ಉದ್ದ ಇರಲಿ, ಕೈ ಇಟ್ಟ ಕೂಡಲೇ ಮೊದಲು ತಾಗುವುದು ಟಿಕ್.