ಉಳಿ ಮಸೆಯುವ ಹೋನಿಂಗ್ ಗೈಡ್, ಜೊತೆಗೊಂದು ಅಳತೆ ಹಲಗೆ

ಮರಗೆಲಸದ ಗೆಳೆಯರು ಸೇರಿದಾಗ ಮಾಡಿದ ವಸ್ತು ಕೈಯಿಂದ ಕೈಗೆ ಹೋಗುತ್ತದೆ. ಪೆಟ್ಟಿಗೆ ಇರಲಿ, ಸ್ಟೂಲ್ ಇರಲಿ, ಮೊದಲು ತಿರುಗಿಸಿ ತಳ ನೋಡುತ್ತಾರೆ. ಡ್ರಾಯರ್ ಪೂರ್ತಿ ಹೊರಗೆಳೆದು ಮೂಲೆಯ ಜೋಡಣೆ ನೋಡುತ್ತಾರೆ. ಆಮೇಲೆ ಪ್ರಶ್ನೆಗಳು ಶುರು. ಯಾವ ಮರ? ಯಾವ ಅಂಟು? ಎಣ್ಣೆ ಎಷ್ಟು ಸಲ ಹಚ್ಚಿದ್ದು? ಇದಕ್ಕೆಲ್ಲ ಉತ್ತರ ಹೇಳುವುದು ಸುಲಭ. ಆದರೆ "ಡವ್‌ಟೇಲ್‌ನ (ಪಾರಿವಾಳದ ಬಾಲದಂಥ ಹಲ್ಲುಗಳ ಜೋಡಣೆಯ) ಒಳಮೂಲೆ ಇಷ್ಟು ಶುದ್ಧವಾಗಿ ಹೇಗೆ ಬಂತು?" ಅಂತ ಕೇಳಿದರೆ, ಉಳಿ ಹರಿತ ಇತ್ತು ಅನ್ನಬೇಕು. ಕೇಳಿದವರಿಗೆ ಇದರಿಂದ ಏನೂ ಸಿಕ್ಕ ಹಾಗಾಗುವುದಿಲ್ಲ. ಹರಿತ ಅಂದರೆ ಎಷ್ಟು? ಯಾವ ಕೋನದಲ್ಲಿ? ಮನೆಗೆ ಹೋಗಿ ತಾವೂ ಹಾಗೇ ಮಸೆಯುವುದು ಹೇಗೆ?

ಈ ಪ್ರಶ್ನೆಗೆ ನನಗೆ ಸಿಕ್ಕ ಒಳ್ಳೆಯ ಉತ್ತರ, ಮಸೆಯುವಾಗ ಕೋನ ಬದಲಾಗದ ಹಾಗೆ ಉಳಿಯನ್ನು ಎರಡೂ ಪಕ್ಕದಿಂದ ಹಿಡಿಯುವ ಸಾದಾ ಹೋನಿಂಗ್ ಗೈಡ್. ಎರಡು ದವಡೆ, ಅವನ್ನು ಬಿಗಿ ಮಾಡುವ ಒಂದು ಸ್ಕ್ರೂ, ಕೆಳಗೆ ಒಂದು ಸಣ್ಣ ರೋಲರ್. ಅಷ್ಟೇ. ಇಂಗ್ಲೆಂಡಿನ ಶೆಫೀಲ್ಡ್‌ನ ಜೇಮ್ಸ್ ನೀಲ್ ಕಂಪನಿ ಇದನ್ನು ಎಕ್ಲಿಪ್ಸ್ ಹೆಸರಿನಲ್ಲಿ ತಯಾರಿಸುತ್ತಿತ್ತು, ಮಾಡೆಲ್ ನಂಬರ್ 36. ಈಗ ಎಲ್ಲ ಕಡೆ ಸಿಗುವುದು ಹೆಚ್ಚಾಗಿ ಅದರ ನಕಲುಗಳು. ನನ್ನದೂ ಅಂಥದ್ದೇ ಒಂದು.

ಇದರ ಗುಟ್ಟೆಲ್ಲ ಒಂದು ಅಳತೆಯಲ್ಲಿದೆ. ದವಡೆಯಿಂದ ಉಳಿಯ ತುದಿ ಎಷ್ಟು ಮುಂದೆ ಚಾಚಿದೆ ಅನ್ನುವುದೇ ಕೋನವನ್ನು ತೀರ್ಮಾನಿಸುತ್ತದೆ. ಉಳಿ 40 ಮಿ.ಮೀ. ಚಾಚಿದರೆ 25 ಡಿಗ್ರಿ, 30 ಮಿ.ಮೀ. ಚಾಚಿದರೆ 30 ಡಿಗ್ರಿ. ಮರ ಹೆರೆಯುವ ಹತ್ತರಿಯ ಬ್ಲೇಡ್‌ಗೆ ಬೇರೆ ಲೆಕ್ಕ: 50 ಮಿ.ಮೀ.ಗೆ 25 ಡಿಗ್ರಿ, 38 ಮಿ.ಮೀ.ಗೆ 30 ಡಿಗ್ರಿ. ಯಾಕೆ ಬೇರೆ ಅಂದರೆ, ಉಳಿ ದವಡೆಯ ಕೆಳಗಿನ ತೋಡಿನಲ್ಲಿ ಕೂರುತ್ತದೆ, ಅಗಲವಾದ ಬ್ಲೇಡ್ ಮೇಲಿನ ಅಂಚಿನ ಮೇಲೆ ಕೂರುತ್ತದೆ. ಮೇಲೆ ಕೂತದ್ದು ಅದೇ ಕೋನಕ್ಕೆ ಇನ್ನಷ್ಟು ಮುಂದೆ ಚಾಚಬೇಕು, ಅಲ್ವಾ?

ನಾನು ಮಾಡುವ ಕ್ರಮ ಹೀಗೆ. ಮೊದಲು 25 ಡಿಗ್ರಿಯಲ್ಲಿ ಒರಟು ಕಲ್ಲಿನ ಮೇಲೆ ಇಳಿಜಾರು ಸರಿ ಮಾಡುತ್ತೇನೆ. ಆಮೇಲೆ 30ಕ್ಕೆ ಬದಲಾಯಿಸಿ, 1000 ಗ್ರಿಟ್ ಕಲ್ಲಿನ (ಈ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯ) ಮೇಲೆ ತುದಿಯನ್ನು ಮಾತ್ರ ಮಸೆಯುತ್ತೇನೆ. ಕೂದಲೆಳೆಯಷ್ಟು ಅಗಲದ ಒಂದು ಹೊಳೆಯುವ ಗೆರೆ ಕಂಡರೆ ಸಾಕು. ಈಗ ಉಳಿಯ ಚಪ್ಪಟೆ ಬೆನ್ನಿನ ಮೇಲೆ ಬೆರಳನ್ನು ತುದಿಯ ಕಡೆಗೆ ಮೆಲ್ಲಗೆ ಜಾರಿಸಿ ನೋಡಬೇಕು. ಕಣ್ಣಿಗೆ ಕಾಣದ ಒಂದು ತರಿ ಚರ್ಮಕ್ಕೆ ತಗಲುತ್ತದೆ. ಇದೇ ಬರ್. ಇದು ಒಂದು ಮೂಲೆಯಿಂದ ಇನ್ನೊಂದು ಮೂಲೆವರೆಗೆ ಎಲ್ಲೂ ತಪ್ಪದೆ ಸಿಗಬೇಕು. ನಡುವೆ ಸಿಕ್ಕಿ ಮೂಲೆಯಲ್ಲಿ ಸಿಗದಿದ್ದರೆ ಕೆಲಸ ಮುಗಿದಿಲ್ಲ ಅಂತಲೇ ಅರ್ಥ, ನಯವಾದ ಕಲ್ಲಿಗೆ ಹೋಗಬೇಡಿ. ಸಿಕ್ಕ ಮೇಲೆ 8000 ಗ್ರಿಟ್ ಕಲ್ಲಿನಲ್ಲಿ ಕೆಲವು ಸಲ ಎಳೆದು, ಉಳಿಯನ್ನು ಗೈಡ್‌ನಿಂದ ಬಿಡಿಸಿ, ಬೆನ್ನನ್ನು ಕಲ್ಲಿಗೆ ಪೂರ್ತಿ ಒರಗಿಸಿ ಬರ್ ತೆಗೆಯುತ್ತೇನೆ.

ಪರೀಕ್ಷೆಗೆ ಕೂದಲು ಕತ್ತರಿಸಿ ನೋಡುವವರು ಜಾಸ್ತಿ. ನನಗೆ ಪೈನ್ ಮರದ ತುಂಡಿನ ಮೇಲೇ ನಂಬಿಕೆ. ಅಡ್ಡ ಕತ್ತರಿಸಿದ ಮುಖದ ಮೇಲೆ ಉಳಿ ತಳ್ಳಿ ನೋಡಿ. ಮೆತ್ತಗಿನ ಮರ ಮೊಂಡು ಉಳಿಗೆ ಪುಡಿಪುಡಿಯಾಗುತ್ತದೆ, ನಾರು ಕಿತ್ತು ಬಿಳಿ ಮಚ್ಚೆ ಬೀಳುತ್ತದೆ. ಹರಿತ ಉಳಿಗೆ ಅದೇ ಮುಖ ಮಿರುಗುತ್ತದೆ, ಮರದ ಉಂಗುರಗಳು ಒಂದೊಂದಾಗಿ ಕಾಣುತ್ತವೆ. ಮೊದಲ ಸಲ ಇದನ್ನು ಮಾಡಿಸಿದಾಗ ಗೆಳೆಯರ ಮುಖ ನೋಡುವುದೇ ನನಗೆ ಖುಷಿ.

ಇನ್ನು ತೊಂದರೆಗಳು. ನನಗೆ ಬಂದ ಗೈಡ್‌ನ ದವಡೆಯ ತೋಡಿನಲ್ಲಿ ಬಣ್ಣ ದಪ್ಪಗೆ ಕೂತಿತ್ತು, ಎರಕದ ಗಂಟುಗಳೂ ಇದ್ದವು. ಉಳಿ ಎಷ್ಟು ಬಿಗಿ ಮಾಡಿದರೂ ಅಲುಗುತ್ತಿತ್ತು. ಸಣ್ಣ ಮೂರು ಮೂಲೆಯ ಅರದಿಂದ ಉಜ್ಜಿ ಬಣ್ಣ ತೆಗೆದು, ಎರಡೂ ಕಡೆ ಸಮ ಮಾಡಿದ ಮೇಲೆ ಸರಿಹೋಯಿತು. ಕೊಂಡ ವಸ್ತುವಿಗೆ ಇಷ್ಟು ಕೆಲಸ ಮಾಡಬೇಕಾಗಿ ಬಂದದ್ದು ಬೇಸರದ ಸಂಗತಿಯೇ. ಸ್ಕ್ರೂ ಬಿಗಿ ಮಾಡಲು ಬೆರಳು ಸಾಲದು, ಸ್ಕ್ರೂಡ್ರೈವರ್ ಬೇಕು. ರೋಲರ್‌ಗೆ ಕಲ್ಲಿನ ಕೆಸರು ಸೇರಿದರೆ ಉರುಳುವುದು ಬಿಟ್ಟು ಜಾರುತ್ತದೆ. ಹಾಗೆ ಜಾರಿ ಜಾರಿ ಒಂದು ಕಡೆ ಸವೆದರೆ ಗೈಡ್ ಮುಗಿದ ಹಾಗೆ. ಪ್ರತಿ ಸಲ ತೊಳೆದು, ಒರೆಸಿ, ಒಂದು ತೊಟ್ಟು ಎಣ್ಣೆ ಬಿಡಬೇಕು.

ರೋಲರ್ ಕಿರಿದಾಗಿರುವುದು ಕೆಲವರಿಗೆ ಇಷ್ಟವಿಲ್ಲ, ನನಗೆ ಅದೇ ಇಷ್ಟ. ಹತ್ತರಿ ಬ್ಲೇಡ್‌ನ ಮೊದಲು ಒಂದು ಮೂಲೆಗೆ, ಆಮೇಲೆ ಇನ್ನೊಂದು ಮೂಲೆಗೆ ಬೆರಳಿನ ಒತ್ತಡ ಹೆಚ್ಚಿಸಿ ಮಸೆದರೆ ಅಂಚು ಸ್ವಲ್ಪ ಬಾಗುತ್ತದೆ, ಮರದ ಮೇಲೆ ಬ್ಲೇಡಿನ ಮೂಲೆಯ ಗೆರೆ ಬೀಳುವುದಿಲ್ಲ. ಅಗಲ ರೋಲರ್ ಇರುವ ಗೈಡ್‌ನಲ್ಲಿ ಇದು ಕಷ್ಟ. ಆದರೆ ಮೆತ್ತಗಿನ ನೀರುಕಲ್ಲಿನ ಮೇಲೆ ಕಿರಿ ರೋಲರ್ ಒಂದೇ ಜಾಗದಲ್ಲಿ ಓಡಿದರೆ ಕಲ್ಲು ನಡುವೆ ಗುಳಿ ಬೀಳುತ್ತದೆ. ಕಲ್ಲಿನ ಪೂರ್ತಿ ಅಗಲ ಬಳಸಬೇಕು, ಆಗಾಗ ಕಲ್ಲನ್ನೂ ಸಮ ಮಾಡಬೇಕು.

ಈಗ ಅಳತೆ ಹಲಗೆಗೆ ಬರುತ್ತೇನೆ. ಅದಿಲ್ಲದೆ ಈ ಗೈಡ್ ಅರ್ಧ ಉಪಕರಣ. ಸ್ಕೇಲ್ ಹಿಡಿದು ಪ್ರತಿ ಸಲ 30 ಮಿ.ಮೀ. ಅಳೆಯುತ್ತಾ ಕೂತರೆ ಒಂದೊಂದು ಸಲ ಒಂದೊಂದು ಕೋನ ಬರುತ್ತದೆ. ಒಂದು ಪ್ಲೈವುಡ್ ತುಂಡು ತೆಗೆದುಕೊಳ್ಳಿ. ಅದರ ನೇರ ಅಂಚಿನಿಂದ 30, 38, 40, 50 ಮಿ.ಮೀ. ದೂರಕ್ಕೆ ಗಟ್ಟಿ ಮರದ ಸಣ್ಣ ಪಟ್ಟಿಗಳನ್ನು ಅಂಟಿಸಿ. ಗೈಡ್‌ನ ದವಡೆ ಹಲಗೆಯ ಅಂಚಿಗೆ ತಾಗಬೇಕು, ಉಳಿಯ ತುದಿ ಪಟ್ಟಿಗೆ ತಾಗಬೇಕು, ಸ್ಕ್ರೂ ಬಿಗಿ ಮಾಡಬೇಕು. ಮುಗಿಯಿತು. ಇವತ್ತಿನ ಕೋನವೇ ಮುಂದಿನ ತಿಂಗಳೂ ಬರುತ್ತದೆ. ಹಾಗಾಗಿ ಮತ್ತೆ ಮಸೆಯಲು ಹೆಚ್ಚು ಉಕ್ಕು ಸವೆಸಬೇಕಾಗಿಲ್ಲ, ಆ ಸಣ್ಣ ಗೆರೆಯನ್ನು ಹೊಸದು ಮಾಡಿದರೆ ಸಾಕು.

ನಾನು ಒಂದೇ ಸಲಕ್ಕೆ ಹಲವು ಹಲಗೆ ಮಾಡಿ ಬಳಗದವರಿಗೆ ಹಂಚಿದೆ. ನಾನು ಹಂಚಿಕೊಂಡ ಕೆಲಸಗಳಲ್ಲಿ ಅತಿ ಸಾದಾ ವಸ್ತು ಇದು, ಆದರೆ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುತ್ತಿರುವುದೂ ಇದೇ. ಒಂದು ಎಚ್ಚರಿಕೆ ಮಾತ್ರ ಹೇಳಿ ಕೊಟ್ಟೆ: ನಕಲು ಗೈಡ್‌ಗಳ ದವಡೆ ಒಂದೇ ಥರ ಇರುವುದಿಲ್ಲ, ನಿಮ್ಮ ಗೈಡ್‌ನಲ್ಲಿ ಕೋನ ಅಳೆದು ನೋಡಿ, ಬೇಕಿದ್ದರೆ ಪಟ್ಟಿ ಕಿತ್ತು ಸರಿಸಿ. ಒಬ್ಬ ಗೆಳತಿ ಹಲಗೆಯನ್ನು ಇನ್ನೂ ಚೆನ್ನಾಗಿ ಮಾಡಿ ತಂದಳು. 6 ಮಿ.ಮೀ. ಉಳಿ ಈ ದವಡೆಯಲ್ಲಿ ಸೊಟ್ಟಗೆ ತಿರುಗಿಬಿಡುವುದು ಎಲ್ಲರ ದೂರು. ಅವಳು ಹಲಗೆಯ ಅಂಚಿಗೆ ಸರಿಯಾಗಿ 90 ಡಿಗ್ರಿಯಲ್ಲಿ ಇನ್ನೊಂದು ಉದ್ದ ಪಟ್ಟಿ ಅಂಟಿಸಿದ್ದಳು. ಸಣ್ಣ ಉಳಿಯ ಪಕ್ಕವನ್ನು ಆ ಪಟ್ಟಿಗೆ ಒತ್ತಿಕೊಂಡೇ ಬಿಗಿ ಮಾಡಬೇಕು. ಈಗ ನಮ್ಮೆಲ್ಲರ ಹಲಗೆಯಲ್ಲೂ ಆ ಪಟ್ಟಿ ಇದೆ. ಅದರ ಹಿಂದೆ ಒಂದು ಗೂಡು ಮಾಡಿ 0.5 ಮಿ.ಮೀ. ದಪ್ಪದ ಸ್ಟೀಲ್ ಸ್ಕೇಲ್ ಇಟ್ಟುಕೊಂಡವರೂ ಇದ್ದಾರೆ. ಬ್ರಿಟನ್ನಿನ ಮರಗೆಲಸಗಾರ ಡೇವಿಡ್ ಚಾರ್ಲ್ಸ್‌ವರ್ತ್ ಪ್ರಚಾರಕ್ಕೆ ತಂದ ಉಪಾಯಕ್ಕೆ ಅದು ಬೇಕು: ಕಲ್ಲಿನ ಒಂದು ಅಂಚಿಗೆ ಸ್ಕೇಲ್ ಇಟ್ಟು ಬ್ಲೇಡ್‌ನ ಬೆನ್ನನ್ನು ತುಸು ಎತ್ತಿದರೆ ತುದಿಯಷ್ಟೇ ನುಣುಪಾಗುತ್ತದೆ. ಇದು ಹತ್ತರಿ ಬ್ಲೇಡ್‌ಗೆ ಮಾತ್ರ. ಉಳಿಗೆ ಮಾಡಬೇಡಿ, ಅದರ ಬೆನ್ನು ಚಪ್ಪಟೆಯಾಗಿಯೇ ಇರಬೇಕು.

ಕೆತ್ತನೆಯ ಬಾಗಿದ ಉಳಿಗಳಿಗೆ, ಓರೆ ಬಾಯಿಯ ಉಳಿಗಳಿಗೆ ಈ ಗೈಡ್ ಆಗುವುದಿಲ್ಲ. ಮಸೆದು ಮಸೆದು ತೀರಾ ಗಿಡ್ಡಾದ ಉಳಿಯನ್ನೂ ಹಿಡಿಯುವುದು ಕಷ್ಟ. ಮೇಲಿನಿಂದ ಒತ್ತಿ ಹಿಡಿಯುವ ದೊಡ್ಡ ಗೈಡ್‌ಗಳೂ ಇವೆ, ಅವುಗಳ ಜೊತೆಗೇ ಅಳತೆಯ ಸಾಧನ ಬರುತ್ತದೆ. ನಿಮ್ಮ ಹತ್ತಿರ ಅಂಥದ್ದು ಈಗಾಗಲೇ ಇದ್ದರೆ ಇದು ಬೇಕಿಲ್ಲ. ಇಲ್ಲದವರು ಇದನ್ನೇ ಕೊಳ್ಳಿ ಅನ್ನುತ್ತೇನೆ. ಕೊಳ್ಳುವಾಗ ರೋಲರ್ ತಿರುಗಿಸಿ ನೋಡಿ, ದವಡೆ ಮುಚ್ಚಿ ಬೆಳಕಿಗೆ ಹಿಡಿದು ಎರಡೂ ಸಮಾನಾಂತರವಾಗಿವೆಯೇ ನೋಡಿ. ಬಣ್ಣದ ಚಿಂತೆ ಬಿಟ್ಟುಹಾಕಿ, ಅದನ್ನು ಅರ ತೆಗೆಯುತ್ತದೆ.