ಅವಧಿ ಮುಗಿಯದ ಪೆಪ್ಪರ್ ಸ್ಪ್ರೇಯೂ ಕೈಕೊಡಬಹುದು

ಡಬ್ಬಿಯ ಮೇಲೆ ಮುದ್ರಿತವಾಗಿರುವ ದಿನಾಂಕವನ್ನು ನಂಬಿ ಪೆಪ್ಪರ್ ಸ್ಪ್ರೇಯನ್ನು ಜೊತೆಗಿಟ್ಟುಕೊಂಡು ಓಡಾಡುವವರು, ಅದರಲ್ಲೂ ಕಲ್ಯಾಣ ಕರ್ನಾಟಕದಂಥ ಬಿಸಿಲಿನ ಸೀಮೆಯಲ್ಲಿ ಅದನ್ನು ಸ್ಕೂಟರಿನ ಡಿಕ್ಕಿಯಲ್ಲಿ ಇಡುವವರು, ಈ ಬರಹವನ್ನು ದಯವಿಟ್ಟು ಪೂರ್ತಿ ಓದಬೇಕು. ನನ್ನ ತಂಗಿಯ ಬಳಿಯಿದ್ದ ಡಬ್ಬಿಗೆ ಲೇಬಲ್ ಪ್ರಕಾರ ಇನ್ನೂ ಒಂದು ವರ್ಷಕ್ಕೂ ಹೆಚ್ಚು ಆಯುಷ್ಯವಿತ್ತು. ಬೇಕಾದ ಹೊತ್ತಿನಲ್ಲಿ ಅದು ಕೆಲಸ ಮಾಡಲಿಲ್ಲ.

ಅವಳು ಕಲಬುರಗಿಯ ಖಾಸಗಿ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತಾಳೆ. ಕಳೆದ ಬೇಸಿಗೆಯಲ್ಲಿ ಸಂಜೆಯ ಪಾಳಿ ಮುಗಿಸಿ ಮನೆಗೆ ಮರಳುತ್ತಿದ್ದಾಗ ಬೈಕ್ ಸವಾರನೊಬ್ಬ ಬಹಳ ದೂರದಿಂದ ಹಿಂಬಾಲಿಸಿ ಬಂದು ಅಡ್ಡಗಟ್ಟಿದ. ಅವಳು ಸ್ಪ್ರೇ ತೆಗೆದು, ಎರಡು ಮಾರು ದೂರದಲ್ಲಿದ್ದ ಅವನ ಮುಖದತ್ತ ಹಿಡಿದು ಗುಂಡಿ ಒತ್ತಿದಾಗ ಕ್ಷೀಣವಾಗಿ ಪುಸ್ಸೆಂಬ ಸದ್ದು ಬಂದು, ಕಿತ್ತಳೆ ಬಣ್ಣದ ದ್ರವ ಡಬ್ಬಿಯ ಮೂತಿಯಿಂದ ತೊಟ್ಟಿಕ್ಕಿ ಅವಳ ಬೆರಳುಗಳ ಮೇಲೆಯೇ ಇಳಿಯಿತು. ಅವನು ನಕ್ಕನಂತೆ. ಅವಳ ಕೂಗು ಕೇಳಿ ಸಮೀಪದ ಚಹಾ ಅಂಗಡಿಯವರು ಓಡಿ ಬಂದುದರಿಂದ ಅವನು ಬೈಕ್ ತಿರುಗಿಸಿಕೊಂಡು ಹೋದ. ಅವಳನ್ನು ಕಾಪಾಡಿದವರು ಅವರೇ. ಆದರೆ ಬೆವರು ಒರೆಸಿಕೊಳ್ಳಲು ಹೋದ ಕೈ ಕಣ್ಣಿಗೆ ತಾಕಿ, ಆ ರಾತ್ರಿಯೆಲ್ಲ ಉರಿ ಅನುಭವಿಸಿದವಳೂ ಅವಳೇ.

ಮರುದಿನ ಡಬ್ಬಿಯನ್ನು ಪರೀಕ್ಷಿಸಿದಾಗ ದಿನಾಂಕವಿದ್ದ ಭಾಗದಲ್ಲಿ ತೆಳುವಾದ ಚೀಟಿಯೊಂದನ್ನು ಮೇಲಿನಿಂದ ಅಂಟಿಸಿರುವುದು ಕಂಡಿತು. ಅದನ್ನು ಬಿಸಿನೀರಿನಲ್ಲಿ ನೆನೆಸಿ ಬಿಡಿಸಿದರೆ ಅಡಿಯಲ್ಲಿ ಬೇರೆಯೇ ತಯಾರಿಕಾ ತಿಂಗಳು, ಬೇರೆಯೇ ವರ್ಷ! ಆನ್‌ಲೈನ್ ಮಾರಾಟಗಾರನನ್ನು ಸಂಪರ್ಕಿಸಿದಾಗ, ಸರಕು ಹಿಂದಿರುಗಿಸುವ ಗಡುವು ಮುಗಿದಿದೆ ಎಂಬ ಒಂದೇ ಉತ್ತರ ಬಂತು. ಪೊಟ್ಟಣ ಸರಕಿನ ಮೇಲೆ ತಯಾರಾದ ತಿಂಗಳು ಮತ್ತು ವರ್ಷವನ್ನು ನಮೂದಿಸುವುದು ಕಾನೂನಿನ ಪ್ರಕಾರ ಕಡ್ಡಾಯವಾಗಿರುವುದರಿಂದ, ಚೀಟಿಯ ಮತ್ತು ಅದರ ಅಡಿಯ ಬರಹದ ಚಿತ್ರಗಳೊಂದಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ (1915) ದೂರು ದಾಖಲಿಸಿದ್ದೇವೆ.

ಚೀಟಿಯ ಮೋಸವನ್ನು ಬದಿಗಿಟ್ಟು ನೋಡಿದರೂ ದಿನಾಂಕವೊಂದನ್ನೇ ನೆಚ್ಚುವಂತಿಲ್ಲ. ಸ್ಪ್ರೇಯಲ್ಲಿರುವ ಮೆಣಸಿನಕಾಯಿಯ ಸಾರಕ್ಕೆ ಖಾರ ಕೊಡುವ ಕ್ಯಾಪ್ಸೈಸಿನ್ ಬೇಗ ಕೆಡುವ ವಸ್ತುವಲ್ಲ. ಹಲವು ವರ್ಷಗಳ ನಂತರವೂ ಅದರ ಖಾರ ಉಳಿದಿರುತ್ತದೆ. ಮೊದಲು ಕೈಕೊಡುವುದು ಆ ಸಾರವನ್ನು ಹೊರದೂಡುವ ಅನಿಲ. ವಾಲ್ವಿನ ರಬ್ಬರ್ ಕಾಲಕ್ರಮೇಣ ಗಟ್ಟಿಯಾಗಿ ಸಣ್ಣಗೆ ಸೋರಲಾರಂಭಿಸುತ್ತದೆ, ಅನಿಲ ಕಣ್ಣಿಗೆ ಕಾಣದಂತೆ ಕಡಿಮೆಯಾಗುತ್ತದೆ, ದ್ರವ ಮಾತ್ರ ಡಬ್ಬಿಯಲ್ಲಿಯೇ ಉಳಿಯುತ್ತದೆ. ಆದ್ದರಿಂದ ಅಲುಗಾಡಿಸಿದಾಗ ಕುಲುಕುವ ಸದ್ದು ಕೇಳಿಸಿತೆಂದು ಡಬ್ಬಿ ಸರಿಯಾಗಿದೆಯೆಂದು ತಿಳಿಯುವುದು ತಪ್ಪು. ಸಾಮಾನ್ಯವಾಗಿ ತಯಾರಕರು ಎರಡರಿಂದ ನಾಲ್ಕು ವರ್ಷಗಳ ಅವಧಿ ನೀಡುವುದು ಈ ಒತ್ತಡವನ್ನು ಗಮನದಲ್ಲಿಟ್ಟುಕೊಂಡೇ. ಅದೂ ಡಬ್ಬಿಯನ್ನು ತಂಪಾದ ಜಾಗದಲ್ಲಿ ಇಟ್ಟಿದ್ದರೆ. ಇಂಥ ಡಬ್ಬಿಗಳನ್ನು 50 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿಗೆ ಒಡ್ಡಬಾರದೆಂಬ ಸೂಚನೆ ಅವುಗಳ ಮೇಲೆಯೇ ಇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ನೆರಳಿನ ತಾಪಮಾನವೇ 40 ಡಿಗ್ರಿ ದಾಟುವಾಗ, ಬಿಸಿಲಿನಲ್ಲಿ ನಿಲ್ಲಿಸಿದ ಸ್ಕೂಟರಿನ ಸೀಟಿನಡಿಯಲ್ಲಿ ಅಥವಾ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಆ ಮಿತಿ ಮೀರಲು ಹೆಚ್ಚು ಹೊತ್ತು ಬೇಕಿಲ್ಲ. ಬಿಸಿಯಿಂದ ಒಳಗಿನ ಒತ್ತಡ ಏರುತ್ತದೆ, ರಬ್ಬರ್ ಸಡಿಲವಾಗುತ್ತದೆ, ಮತ್ತೊಮ್ಮೆ ತಣ್ಣಗಾದಾಗ ಮೊದಲಿನ ಬಿಗಿ ಬರುವುದಿಲ್ಲ.

ಲೇಬಲ್ ಮೇಲಿನ ಖಾರದ ಅಂಕಿಗಳ ವಿಷಯದಲ್ಲಿಯೂ ಎಚ್ಚರ ಅಗತ್ಯ. ಲಕ್ಷಗಟ್ಟಲೆ ಸ್ಕೋವಿಲ್ (ಖಾರ ಅಳೆಯುವ ಮಾನ) ಎಂದು ದೊಡ್ಡಕ್ಷರದಲ್ಲಿ ಬರೆದಿರುವುದು ಬಹುಪಾಲು ದ್ರಾವಣದಲ್ಲಿ ಬೆರೆಸುವ ಮೊದಲಿನ ಸಾರದ ಅಳತೆ. ಶೇಕಡಾ 10 ಸಾರವಿದೆ ಎಂಬ ಹೇಳಿಕೆಯೂ ಸಾರ ಎಷ್ಟು ಖಾರವೆಂಬುದನ್ನು ತಿಳಿಸುವುದಿಲ್ಲ. ನಮ್ಮ ಬ್ಯಾಡಗಿ ಮೆಣಸಿನಕಾಯಿಯನ್ನೇ ನೋಡಿ: ಅದರಿಂದ ತೆಗೆದ ಸಾರಕ್ಕೆ ಬೇಡಿಕೆಯಿರುವುದು ಬಣ್ಣಕ್ಕಾಗಿ, ಖಾರ ತೀರ ಕಡಿಮೆ. ತಿಳಿಯಬೇಕಾದುದು ಸಿದ್ಧ ದ್ರಾವಣದಲ್ಲಿ ಕ್ಯಾಪ್ಸೈಸಿನಾಯ್ಡ್‌ಗಳು (ಕ್ಯಾಪ್ಸೈಸಿನ್ ಮತ್ತು ಅದರ ಜಾತಿಯ ಖಾರದ ಅಂಶಗಳು) ಶೇಕಡಾ ಎಷ್ಟಿವೆ ಎಂಬ ಒಂದೇ ಅಂಕಿ. ನಾವು ಕೊಂಡ ಡಬ್ಬಿಯ ಮೇಲೆ ಅದು ಇರಲಿಲ್ಲ.

ಒತ್ತಡ ಸರಿಯಿದ್ದ ಡಬ್ಬಿಗೂ ಮಿತಿಗಳಿವೆ. ಎದುರುಗಾಳಿಯಲ್ಲಿ ತುಂತುರು ಹೊಡೆದವರ ಮುಖಕ್ಕೇ ಮರಳುತ್ತದೆ. ಕುಡಿದ ಅಮಲಿನಲ್ಲಿರುವ ಕೆಲವರು ಉರಿಗೆ ತಕ್ಷಣ ಜಗ್ಗುವುದಿಲ್ಲ. ಮುಚ್ಚಿದ ಜಾಗದಲ್ಲಿ ಅದು ಯಾರನ್ನೂ ಬಿಡುವುದಿಲ್ಲ: 2014ರ ಫೆಬ್ರುವರಿ 13ರಂದು ತೆಲಂಗಾಣ ಮಸೂದೆಯ ಗದ್ದಲದ ನಡುವೆ ಲೋಕಸಭೆಯಲ್ಲಿ ಸದಸ್ಯರೊಬ್ಬರು ಪೆಪ್ಪರ್ ಸ್ಪ್ರೇ ಸಿಂಪಡಿಸಿದಾಗ ಅಷ್ಟು ವಿಶಾಲವಾದ ಸಭಾಂಗಣದಲ್ಲೂ ಹಲವರು ಕೆಮ್ಮುತ್ತ ಹೊರಗೋಡಬೇಕಾಯಿತು, ಕೆಲವರನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಲಿಫ್ಟ್ ಅಥವಾ ಆಟೋದೊಳಗೆ ಬಳಸುವವರು ಇದನ್ನು ಮರೆಯಬಾರದು. ತಮಗೇ ತಾಕಿದರೆ ಕಣ್ಣುಜ್ಜದೆ, ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆದು, ಕಣ್ಣಿಗೆ ಧಾರಾಳವಾಗಿ ತಣ್ಣೀರು ಹಾಕುತ್ತಿರಬೇಕು. ಸಾರ ನೀರಿನಲ್ಲಿ ಕರಗದ ಎಣ್ಣೆಯ ಗುಣದ್ದಾದ ಕಾರಣ ಕೈಯನ್ನು ಸೋಪು ಹಚ್ಚಿ ಮತ್ತೆ ಮತ್ತೆ ತೊಳೆಯಬೇಕು.

ಈಗ ತಂಗಿ ಹೊಸ ಡಬ್ಬಿಯನ್ನು ಅಂಗಡಿಯಲ್ಲಿಯೇ ಕೈಗೆತ್ತಿಕೊಂಡು, ದಿನಾಂಕವನ್ನು ಉಗುರಿನಿಂದ ಕೆರೆದು ನೋಡಿ ಕೊಂಡಿದ್ದಾಳೆ. ಅದರ ತೂಕವನ್ನು ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ನೋಡಿ ಡಬ್ಬಿಯ ಮೇಲೆಯೇ ಬರೆದಿಟ್ಟಿದ್ದೇವೆ. ದ್ರವೀಕೃತ ಅನಿಲ ತುಂಬಿದ ಡಬ್ಬಿ ಸೋರಿದರೆ ತೂಕ ಇಳಿದು ಗೊತ್ತಾಗುತ್ತದೆ. ಕೊಂಡ ದಿನ ಬಯಲಿನಲ್ಲಿ, ಗಾಳಿಗೆ ಬೆನ್ನು ಮಾಡಿ ನಿಂತು ಅರೆಕ್ಷಣ ಒತ್ತಿ ನೋಡುವುದು ಒಳ್ಳೆಯದು. ಆದರೆ ಪ್ರತಿ ತಿಂಗಳೂ ಹೀಗೆ ಪರೀಕ್ಷಿಸುತ್ತಿದ್ದರೆ ದ್ರವವೂ ಖರ್ಚು, ಮೂತಿಯಲ್ಲಿ ಸಾರದ ಅಂಟು ಉಳಿದು ವಾಲ್ವು ಸರಿಯಾಗಿ ಮುಚ್ಚಿಕೊಳ್ಳದೆ ಹೋಗುವ ಭಯವೂ ಉಂಟು.

ಬಳಸುವ ಸಂದರ್ಭದ ಕುರಿತು ಒಂದು ಮಾತು. ಆತ್ಮರಕ್ಷಣೆಗೆ ಇದನ್ನು ಇಟ್ಟುಕೊಳ್ಳಲು ಪರವಾನಗಿ ಬೇಕಿಲ್ಲವಾದರೂ, ಬರಿಯ ಜಗಳದಲ್ಲಿ ಸಿಂಪಡಿಸಿದರೆ ಪ್ರಕರಣ ಎದುರಿಸಬೇಕಾಗುತ್ತದೆ. ಪ್ರಾಣಕ್ಕೆ ತಕ್ಷಣದ ಅಪಾಯವಿಲ್ಲದಿದ್ದ ಪ್ರಕರಣವೊಂದರಲ್ಲಿ ಪೆಪ್ಪರ್ ಸ್ಪ್ರೇಯನ್ನು ಅಪಾಯಕಾರಿ ಆಯುಧವೆಂದು ಪರಿಗಣಿಸಿದ ಕರ್ನಾಟಕ ಹೈಕೋರ್ಟ್, 2024ರ ಮೇ ತಿಂಗಳಲ್ಲಿ ಆ ಮೊಕದ್ದಮೆಯನ್ನು ರದ್ದುಪಡಿಸಲು ನಿರಾಕರಿಸಿತು. ವಿಮಾನದಲ್ಲಿ ಕೈಚೀಲದೊಳಗೆ ಒಯ್ಯುವಂತೆಯೂ ಇಲ್ಲ.

ಅವಧಿ ಮೀರಿದ ಡಬ್ಬಿಯನ್ನು ಒಣಕಸದ ಜೊತೆ ಹಾಕಿದರೆ ಕಸ ಒತ್ತುವ ಲಾರಿಯಲ್ಲಿ ಅದು ಒಡೆದು ಪೌರಕಾರ್ಮಿಕರ ಕಣ್ಣಿಗೆ ಸಿಡಿಯಬಹುದು. ಅದನ್ನು ಪ್ರತ್ಯೇಕವಾಗಿ ಕಟ್ಟಿ, ಒಳಗೇನಿದೆ ಎಂಬುದನ್ನು ಮೇಲೆ ಬರೆದು, ಕಸದ ಗಾಡಿಯವರಿಗೆ ಬಾಯಿಮಾತಿನಲ್ಲಿಯೂ ತಿಳಿಸಿ ಕೊಡಬೇಕು, ಬೆಂಕಿಗಂತೂ ಹಾಕಲೇಬಾರದು.