ಕೊಡಾಕ್ ಎಕ್ಟಾರ್ ಎಚ್35: ವರ್ಷದ ಮೇಲೆ ಬಳಸಿ ನೋಡಿದ ಅನುಭವ

ಈ ಕ್ಯಾಮೆರಾ ಕೊಳ್ಳಬೇಕಾ ಬೇಡವಾ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಕೊಳ್ಳಿ, ಖುಷಿ ಆಗುತ್ತೆ. ಆದರೆ ಫಿಲ್ಮ್ ರೀಲು ಹಾಕಿ ಬಳಸುವ ಇಂಥ ಸರಳ ಆಟಿಕೆ ಕ್ಯಾಮೆರಾಗಳು ಚೆನ್ನಾಗಿ ಮಾರಾಟ ಆಗ್ತಿವೆ, ಹಾಗಾಗಿ ರೀಲು ಇನ್ನು ಉಳಿದುಕೊಂಡಿತು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಮೊದಲು ಕ್ಯಾಮೆರಾ ವಿಷಯ. ಪ್ಲಾಸ್ಟಿಕ್ ಬಾಡಿ, ತೂಕ ಸುಮಾರು 100 ಗ್ರಾಂ. ಜೇಬಿನಲ್ಲಿ ಇದ್ದದ್ದೇ ಗೊತ್ತಾಗುವುದಿಲ್ಲ. 22 ಎಂಎಂ ಲೆನ್ಸು, ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಎಫ್/9.5, ಶಟರ್ 1/100 ಸೆಕೆಂಡ್. ಯಾವುದನ್ನೂ ಬದಲಾಯಿಸಲು ಆಗುವುದಿಲ್ಲ, ಫೋಕಸ್ ಕೂಡ ಫಿಕ್ಸ್. ಲೆನ್ಸ್ ಸುತ್ತಲಿನ ಬಳೆ ತಿರುಗಿಸಿದರೆ ಫ್ಲಾಶ್ ಬರುತ್ತೆ, ಅದಕ್ಕೊಂದು ಎಎಎ ಸೆಲ್ ಸಾಕು. ಇಷ್ಟು ಗೊತ್ತಿದ್ದರೆ ಯಾವ ರೀಲು ಹಾಕಬೇಕು ಅನ್ನುವುದು ತಾನಾಗೇ ತಿಳಿಯುತ್ತದೆ. ನಂದಿ ಬೆಟ್ಟದ ಮೇಲಿನ ಮಧ್ಯಾಹ್ನದ ಬಿಸಿಲಿಗೆ 200 ಐಎಸ್‌ಒ (ರೀಲು ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಳತೆ) ರೀಲು ಧಾರಾಳ. ಬೆಳಕು ಬೇಕಾದ್ದಕ್ಕಿಂತ ಜಾಸ್ತಿನೇ ಬೀಳುತ್ತೆ, ಆದರೆ ಕಲರ್ ನೆಗೆಟಿವ್ ಅದನ್ನು ತಡೆದುಕೊಳ್ಳುತ್ತೆ. ಮೋಡ ಇದ್ದರೆ 400 ಹಾಕಿ. ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿ ಬೆಳಗಿನ ಬಿಸಿಲಲ್ಲಿ ಸೊಗಸಾಗಿ ಬರುತ್ತದೆ. ಒಳಗಿನ ಕಂಬಗಳ ಕತ್ತಲಲ್ಲಿ ಮಾತ್ರ ಸುಮ್ನೆ ಫ್ರೇಮ್ ದಂಡ ಮಾಡಬೇಡಿ.

ಇದು ಹಾಫ್ ಫ್ರೇಮ್, ಅಂದರೆ 35 ಎಂಎಂ ರೀಲಿನ ಒಂದು ಫ್ರೇಮಿನ ಜಾಗದಲ್ಲಿ ಎರಡು ಫೋಟೊ ಕೂರುತ್ತವೆ. 36ರ ರೀಲಿಗೆ 72. ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದೇ ಈ ಜೋಡಿಗಳು. ಶಿಡ್ಲಘಟ್ಟದ ಗೂಡು ಮಾರುಕಟ್ಟೆಯಲ್ಲಿ ತೆಗೆದ ಒಂದು ಜೋಡಿ ಇದೆ. ಎಡಗಡೆ ಟ್ರೇ ತುಂಬ ಹಳದಿ ರೇಷ್ಮೆಗೂಡು, ಬಲಗಡೆ ಒಂದು ಗೂಡನ್ನು ಎರಡು ಬೆರಳಲ್ಲಿ ಒತ್ತಿ ನೋಡುತ್ತಿರುವ ಕೈ. ಒಂದು ಮೀಟರಿಗಿಂತ ಹತ್ತಿರ ಹೋದರೆ ಮಸುಕಾಗುತ್ತದೆ, ಹಾಗಾಗಿ ಆ ಕೈ ಸ್ವಲ್ಪ ಮಸುಕು. ಫ್ಲಾಶ್ ಬೆಳಕು ಮುಂದಿನ ಸಾಲಿಗಷ್ಟೇ ಬಿದ್ದು ಹಿಂದಿನ ಜನರೆಲ್ಲ ಕತ್ತಲಲ್ಲಿದ್ದಾರೆ. ಫೋನಿನಲ್ಲಿ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತೇನೋ, ಆದರೂ ನಾನು ಪ್ರಿಂಟ್ ಹಾಕಿಸಿದ್ದು ಇದನ್ನೇ. ನೆಗೆಟಿವ್ ಅರ್ಧವಾದ್ದರಿಂದ ಗ್ರೇನ್, ಅಂದರೆ ಚಿತ್ರದ ಕಾಳುಕಾಳು, ಎದ್ದು ಕಾಣುತ್ತದೆ, ದೊಡ್ಡ ಪ್ರಿಂಟಿನ ಆಸೆ ಬೇಡ.

ಈಗ ಅಸಲು ಮಾತು. 72 ಫೋಟೊ ಅನ್ನುವುದು ನಮ್ಮ ಜೇಬಿಗೆ ಒಳ್ಳೆಯದು, ಆದರೆ ರೀಲು ಮಾಡುವವರಿಗೆ? ನಾನು ಒಂದು ರೀಲು ಹಾಕಿದರೆ ತಿಂಗಳುಗಟ್ಟಲೆ ಬರುತ್ತದೆ. ಮೇಲೆ ಕೊಡಾಕ್ ಅಂತ ಬರೆದಿದ್ದರೂ ಇದನ್ನು 2022ರಲ್ಲಿ ಹೊರತಂದದ್ದು ಹಾಂಗ್‌ಕಾಂಗ್‌ನ ರೆಟೊ, ಹೆಸರು ಬಳಸಲು ಲೈಸೆನ್ಸ್ ಪಡೆದು. ಕೊಡಾಕ್ ರೀಲು ತಯಾರಾಗುವುದು ಮಾತ್ರ ಅಮೆರಿಕದ ರಾಚೆಸ್ಟರ್‌ನಲ್ಲಿ, ಈಸ್ಟ್‌ಮನ್ ಕೊಡಾಕ್ ಕಾರ್ಖಾನೆಯಲ್ಲಿ. 2025ರಲ್ಲಿ ಎಲ್ಲರೂ ಮುಗಿಬಿದ್ದು ಕೊಂಡ, ಕೊಡಾಕ್ ಹೆಸರಿನದೇ ಕೀಚೈನ್ ಕ್ಯಾಮೆರಾ ಚಾರ್ಮೆರಾ ಇದೆಯಲ್ಲ, ಅದರಲ್ಲಂತೂ ರೀಲೇ ಇಲ್ಲ, ಅದು ಡಿಜಿಟಲ್. ಅದೇ ವರ್ಷದ ಆಗಸ್ಟ್‌ನಲ್ಲಿ ಈಸ್ಟ್‌ಮನ್ ಕೊಡಾಕ್, ಕಂಪನಿ ಮುಂದುವರಿಯುವುದೇ ಅನುಮಾನ ಅಂತ ತನ್ನ ಲೆಕ್ಕಪತ್ರದಲ್ಲಿ ಬರೆದುಕೊಂಡಿತ್ತು.

ರೀಲಿನ ಕಾರ್ಖಾನೆಗಳು ನಮ್ಮಂಥವರ ಹವ್ಯಾಸವೊಂದರಿಂದಲೇ ನಡೆದದ್ದಲ್ಲ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ 'ಇಂದು' ಹೆಸರಲ್ಲಿ ಕಪ್ಪುಬಿಳುಪು ರೀಲಿನ ಜೊತೆ ಎಕ್ಸ್‌ರೇ ಫಿಲ್ಮನ್ನೂ ಮಾಡುತ್ತಿತ್ತು, ಸರ್ಕಾರದ ಕಂಪನಿಯಾಗಿದ್ದರೂ ಉಳಿಯಲಿಲ್ಲ. ಕೊಡಾಕ್ ಸಿನಿಮಾ ಫಿಲ್ಮ್ ನಿಲ್ಲದಿರಲು 2015ರಲ್ಲಿ ಹಾಲಿವುಡ್‌ನ ಆರು ದೊಡ್ಡ ಸ್ಟುಡಿಯೋಗಳ ಜೊತೆ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಆಟಿಕೆ ಕ್ಯಾಮೆರಾಗಳಲ್ಲೇ ಹೆಸರುವಾಸಿಯಾದ ಹೋಲ್ಗಾ ಕೂಡ ಆ ವರ್ಷವೇ ನಿಂತು, 2017ರಲ್ಲಿ ಮತ್ತೆ ಬಂತು.

ನನ್ನ ಪ್ರಕಾರ ಎಲ್ಲ ನಿಂತಿರುವುದು ರೀಲು ತೊಳೆದುಕೊಡುವ ಲ್ಯಾಬ್ ಮೇಲೆ. ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ಒಂದು ಹಳೇ ಸ್ಟುಡಿಯೋದಲ್ಲಿ ರೀಲು ತೊಳೆದುಕೊಡ್ತೀರಾ ಅಂತ ಕೇಳಿದರೆ, "ಆ ಮೆಷಿನ್ ಎಲ್ಲಿದೆಯಪ್ಪ, ಗುಜರಿಗೆ ಹಾಕಿ ಎಷ್ಟೋ ವರ್ಷ ಆಯ್ತು" ಅಂದರು. ಕಲರ್ ರೀಲು ತೊಳೆಯುವ ಕೆಮಿಕಲ್, ಅಂದರೆ ಡೆವಲಪರ್, ಸುಮಾರು 38 ಡಿಗ್ರಿಯಲ್ಲೇ ಇರಬೇಕು, ಮೆಷಿನ್ನಿಗೆ ದಿನಾ ರೀಲು ಬೀಳುತ್ತಿರಬೇಕು. ರೀಲು ಬಂದಂತೆಲ್ಲ ಹೊಸ ಕೆಮಿಕಲ್ ಸೇರಿ ಅದು ಸರಿಯಾಗಿರುತ್ತದೆ, ಬರದಿದ್ದರೆ ಗಾಳಿಗೆ ಕೆಟ್ಟು ಅಷ್ಟನ್ನೂ ಚೆಲ್ಲಬೇಕು. ಅಂದರೆ ಲ್ಯಾಬಿಗೆ ಬೇಕಾಗಿರುವುದು ಪ್ರತಿ ವಾರ ರೀಲು ತರುವ ಗಿರಾಕಿ. ಕ್ಯಾಮೆರಾ ಕೊಂಡು ಒಂದು ರೀಲು ಮುಗಿಸಿ, ರೀಲ್ಸ್ ಹಾಕಿ, ಅಲಮಾರಿಗೆ ಸೇರಿಸಿಬಿಡುವವರು ಎಷ್ಟೇ ಜನ ಇದ್ದರೂ ಆ ಡೆವಲಪರ್ ಕೆಡುವುದು ತಪ್ಪುವುದಿಲ್ಲ, ಅಲ್ವಾ? ಹಳೇ ಲ್ಯಾಬ್ ಮೆಷಿನ್ನುಗಳ ಬಿಡಿಭಾಗ ಸಿಗುವುದೂ ಕಷ್ಟ, ರಿಪೇರಿ ಬಲ್ಲವರಿಗೆ ವಯಸ್ಸಾಗುತ್ತಿದೆ. ಇದು ನನಗೆ ನಿಜವಾಗಿಯೂ ಹೆದರಿಕೆ ಹುಟ್ಟಿಸುತ್ತದೆ.

ಹಾಗಂತ ಈ ಪುಟ್ಟ ಕ್ಯಾಮೆರಾವನ್ನು ಹಗುರವಾಗಿ ನೋಡುವುದು ತಪ್ಪು. ನನ್ನ ಅತ್ತಿಗೆಯ ಮಗಳು ರೀಲು ಅಂದರೆ ಏನು ಅಂತ ಕಲಿತದ್ದು ಇದರಲ್ಲೇ, ಈಗ ಅವಳ ಕೈಯಲ್ಲಿರುವುದು ಅವಳ ತಾತನ ಹಳೇ ಎಸ್‌ಎಲ್‌ಆರ್, ಅಂದರೆ ಲೆನ್ಸ್ ಮೂಲಕವೇ ನೋಡಿ ಫೋಕಸ್ ಮಾಡುವ ದೊಡ್ಡ ರೀಲ್ ಕ್ಯಾಮೆರಾ. ಹಾಗೆ ದಾಟಿ ಮುಂದೆ ಹೋಗುವವರು ಬೇಕು.

ಕೊಳ್ಳುವವರಿಗೆ ಇನ್ನೊಂದು ಮಾತು. ರೀಲು ಕೊಡುವಾಗ ಡಬ್ಬಿ ಮೇಲೆ 'ಹಾಫ್ ಫ್ರೇಮ್, ಜೋಡಿಯಾಗಿ ಸ್ಕ್ಯಾನ್ ಮಾಡಿ' ಅಂತ ಬರೆದುಕೊಡಿ. ಒಂದು ಲ್ಯಾಬಿನವರು ನನ್ನ ಫೋಟೊಗಳನ್ನು ನಡುವೆ ಎಲ್ಲೆಲ್ಲೋ ಕತ್ತರಿಸಿ ಕಳಿಸಿದ್ದರು. ಕೊರಿಯರ್ ಖರ್ಚು ಉಳಿಸಲು ನಾವು ಕೆಲವರು ರೀಲು ಒಟ್ಟುಮಾಡಿ ತಿಂಗಳಿಗೊಮ್ಮೆ ಬೆಂಗಳೂರಿಗೆ ಕಳಿಸುತ್ತೇವೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆಯವರು ಯಾರಾದರೂ ಇದ್ದರೆ ಸೇರಿಕೊಳ್ಳಿ, ಒಂದೇ ರೀಲು ಇದ್ದರೂ ಪರವಾಗಿಲ್ಲ.